ಹಿರಿಯ ಚಿತ್ರ, ಕಿರಿಯ ಯಂತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲವನ್ನು ಆಕಾಶದಿಂದ ತೆಗೆದ ಚಿತ್ರಗಳು ಇಂದು ಯಾವ ವಿದ್ಯಾರ್ಥಿಗಾದರೂ ಬಿಡಿಕಾಸಿನ ಖರ್ಚಿಲ್ಲದೆ ದೊರೆಯುತ್ತವೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯವರು 2015ರಿಂದ ಹಾರಿಸುತ್ತ ಬಂದಿರುವ ಸೆಂಟಿನೆಲ್-2 ಎಂಬ ಉಪಗ್ರಹಗಳು ತೆಗೆದ ಚಿತ್ರಗಳೆಲ್ಲ ಲೋಕಕ್ಕೆ ಮುಕ್ತವಾಗಿವೆ. ನೇತ್ರಾವತಿಯ ಪಾತ್ರವು ಎಲ್ಲಿ ಹಿಗ್ಗಿತು, 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಚಾರ್ಮಾಡಿ ಘಟ್ಟದ ಆಸುಪಾಸಿನಲ್ಲಿ ಗುಡ್ಡವು ಎಲ್ಲೆಲ್ಲಿ ಜರಿಯಿತು ಎಂಬುದನ್ನು ಈ ಚಿತ್ರಗಳಲ್ಲಿ ಸ್ವತಃ ಹುಡುಕಿ ನೋಡಬಹುದು. ಮಳೆಗಾಲಕ್ಕೆ ಮುಂಚಿನದೊಂದು, ಮಳೆ ಕಳೆದು ಬಾನು ತಿಳಿಯಾದ ಮೇಲಿನದೊಂದು, ಹೀಗೆ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕು. ಹಿಂದಿನ ತಲೆಮಾರಿನ ಭೂಗೋಳದ ಅಧ್ಯಾಪಕರಿಗೆ ಕನಸಿನಲ್ಲಿಯೂ ನಿಲುಕದಿದ್ದ ಸೌಲಭ್ಯವಿದು.

ಆದರೆ ಈ ಸೌಲಭ್ಯಕ್ಕೂ ವಿದ್ಯಾರ್ಥಿಗೂ ನಡುವೆ ಒಂದು ಅಡ್ಡಗೋಡೆ ನಿಂತಿದೆ. ಚಿತ್ರವನ್ನು ಇಳಿಸಿಕೊಂಡು, ಆಲೇಖಗಳನ್ನು ಬರೆಯುವ ತಂತ್ರಾಂಶಕ್ಕೆ ಅದನ್ನೊಪ್ಪಿಸಿ, ತೆರೆಯ ಮೇಲೆ ತೋರಿಸೆಂದು ಆಜ್ಞಾಪಿಸಿದೊಡನೆ ಗಣಕಯಂತ್ರವು ಕೈಕಾಲು ಕಟ್ಟಿದಂತೆ ಸ್ತಬ್ಧವಾಗುತ್ತದೆ. ಬಹಳ ಹೊತ್ತಿನ ಮೇಲೆ ಮೆಮೊರಿ ಸಾಲದೆಂಬ ಒಂದು ಸಾಲು ಮೂಡುತ್ತದೆ, ಇಲ್ಲವೆ ತಂತ್ರಾಂಶವೇ ಮಾತಿಲ್ಲದೆ ಮುಚ್ಚಿಹೋಗುತ್ತದೆ. ಆಗ ವಿದ್ಯಾರ್ಥಿಯು ತಳೆಯುವ ತೀರ್ಮಾನವು ಸಾಮಾನ್ಯವಾಗಿ ಒಂದೇ: ‘ನಮ್ಮದು ಬಡಯಂತ್ರ, ಇಂತಹ ಕೆಲಸವೇನಿದ್ದರೂ ರಾಜಧಾನಿಯ ದೊಡ್ಡ ಸಂಸ್ಥೆಗಳಿಗೆ ಮೀಸಲು.’ ಈ ತೀರ್ಮಾನವು ತಪ್ಪು ಮಾತ್ರವಲ್ಲ, ಹಾನಿಕರವೂ ಹೌದೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ಕೊರತೆಯು ಯಂತ್ರದ್ದಕ್ಕಿಂತ ಹೆಚ್ಚಾಗಿ ಲೆಕ್ಕದ್ದು. ಆ ಲೆಕ್ಕವೋ ಪ್ರೌಢಶಾಲೆಯ ಗುಣಾಕಾರವನ್ನು ಮೀರಿದುದಲ್ಲ.

ಲೆಕ್ಕವನ್ನು ಮಾಡಿಯೇ ನೋಡೋಣ. ಸೆಂಟಿನೆಲ್-2ರ ಒಂದು ಚಿತ್ರವು ಸುಮಾರು 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕವನ್ನು ತೋರಿಸುತ್ತದೆ. ನಮ್ಮ ಮೂರು ಊರುಗಳನ್ನೂ ಒಳಗಿಟ್ಟುಕೊಳ್ಳಲು ಅಷ್ಟು ವಿಸ್ತಾರದಲ್ಲಿ ಧಾರಾಳವಾಗಿ ಎಡೆಯುಂಟು. ಅದರ ಒಂದೊಂದು ಚಿತ್ರಬಿಂದುವು, ಎಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಚೌಕಕ್ಕೆ ಸಮ. ಅಡ್ಡಲಾಗಿ 10,980, ಲಂಬವಾಗಿ 10,980 ಬಿಂದುಗಳು, ಗುಣಿಸಿದರೆ 12,05,60,400. ಪ್ರತಿಯೊಂದು ಬಿಂದುವಿನ ಬೆಲೆಯನ್ನು ಬರೆದಿಡಲು 2 ಬೈಟ್ ಬೇಕು. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೆ ಮೂರು ಪದರಗಳು ಬೇಕು. ಒಟ್ಟು ಸುಮಾರು 72 ಕೋಟಿ ಬೈಟುಗಳಾದವು. ಒಂದು ಗಿಗಾಬೈಟ್ ಎಂದರೆ ನೂರು ಕೋಟಿ ಬೈಟುಗಳಷ್ಟೆ. ಆದುದರಿಂದ 8 ಗಿಗಾಬೈಟ್ ಮೆಮೊರಿಯುಳ್ಳ ಸಾಧಾರಣ ಯಂತ್ರಕ್ಕೆ ಇದು ಭಾರವೆಂದು ಮೇಲ್ನೋಟಕ್ಕೆ ತೋರದು.

ಭಾರವು ಬೆಳೆಯುವುದು ಮುಂದಿನ ಹೆಜ್ಜೆಯಲ್ಲಿ. ಈ ಅಂಕಿಗಳಿಂದ ನೆಲವು ಎಷ್ಟು ಬೆಳಕನ್ನು ಹಿಂದಿರುಗಿಸಿತೆಂದು ತಿಳಿಯಲು ಅವುಗಳನ್ನು 10,000ದಿಂದ ಭಾಗಿಸುವುದು ವಾಡಿಕೆ. ಪೈಥಾನ್ ಭಾಷೆಯಲ್ಲಿ ಅಂಕಿಗಳ ಕೋಷ್ಟಕಗಳನ್ನು ನಿರ್ವಹಿಸುವ ನಂಪೈ ಎಂಬ ಉಪಕರಣವು, ಇಂತಹ ಪೂರ್ಣಾಂಕಗಳನ್ನು ಭಾಗಿಸಿದಾಗ, ಫಲಿತಾಂಶವನ್ನು ದಶಮಾಂಶ ಸಂಖ್ಯೆಗಳಾಗಿ ಒಂದೊಂದಕ್ಕೆ 8 ಬೈಟಿನಂತೆ ಬರೆದಿಡುತ್ತದೆ. 72 ಕೋಟಿಯು ಒಂದೇ ಏಟಿಗೆ 289 ಕೋಟಿಯಾಯಿತು. ಹಳೆಯ ಕೋಷ್ಟಕವೂ ಅಳಿಯದೆ ಅಲ್ಲಿಯೇ ಇದೆ. ತೀರ ಹೊಳೆಯುವ ಬಿಂದುಗಳನ್ನು ಮಿತಿಯೊಳಗೆ ತರಲು ಇನ್ನೊಂದು ಪ್ರತಿಯನ್ನು ಮಾಡಿದಿರೆಂದರೆ ಮತ್ತೆ 289 ಕೋಟಿ. ಮೂರೂ ಸೇರಿ 650 ಕೋಟಿ ಬೈಟುಗಳು. ಮಳೆಗೆ ಮುಂಚಿನ ಮತ್ತು ಮಳೆಯ ನಂತರದ ಎರಡು ಚಿತ್ರಗಳಿಗೆ 1,300 ಕೋಟಿ! ಮೆಮೊರಿಯು ತುಂಬಿದಾಗ ಯಂತ್ರವು ಉಳಿದುದನ್ನು ಡಿಸ್ಕಿನ ಮೇಲೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳಲು ತೊಡಗುತ್ತದೆ. ಡಿಸ್ಕಿನ ವೇಗವು ಮೆಮೊರಿಯ ವೇಗಕ್ಕಿಂತ ಬಹಳ ಕಡಮೆ. ನಾವು ‘ಸ್ತಬ್ಧವಾಯಿತು’ ಎನ್ನುವುದು ಈ ಇಳಿಸಿ ಏರಿಸುವ ಕೂಲಿಯನ್ನೇ.

ಇಷ್ಟೆಲ್ಲ ಆದ ಮೇಲೆ ಕಣ್ಣಿಗೆ ಕಾಣುವುದೆಷ್ಟು? ಸಾಧಾರಣ ತೆರೆಯಲ್ಲಿ ಅಡ್ಡಲಾಗಿ 1,920, ಲಂಬವಾಗಿ 1,080 ಬಿಂದುಗಳಿರುತ್ತವೆ, ಒಟ್ಟು 20,73,600. ನಮ್ಮ ಚಿತ್ರದಲ್ಲಿರುವುದು ಅದರ 58 ಮಡಿ. ಇಡಿಯ ತೆರೆಯನ್ನೇ ಬಿಟ್ಟುಕೊಟ್ಟರೂ 58 ಬಿಂದುಗಳಿಗೆ ಒಂದರಂತೆ ಮಾತ್ರ ಜಾಗವುಂಟು. ಉಳಿದ 57ನ್ನು ಯಂತ್ರವು ಹೊತ್ತು ತಂದು, ತೋರಿಸಲು ಸ್ಥಳವಿಲ್ಲದೆ ಬದಿಗಿಡುತ್ತದೆ. ಹತ್ತು ಜನ ಉಣ್ಣುವ ಮನೆಗೆ ಆರುನೂರು ಜನರ ಅಡುಗೆಯನ್ನು ಹೊರಿಸಿ ತರಿಸಿದಂತಾಯಿತು.

ತಂತ್ರಾಂಶದ ತಪ್ಪೂ ಇದರಲ್ಲಿ ಇಲ್ಲವೆಂದಲ್ಲ. ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಆಲೇಖ ತಂತ್ರಾಂಶವನ್ನು ನರವಿಜ್ಞಾನಿ ಜಾನ್ ಹಂಟರ್ ಅವರು ಮೂರ್ಛೆರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡುವ ಸಲುವಾಗಿ ಆರಂಭಿಸಿ, 2003ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ಗೆರೆಗಳ ಆಲೇಖವೇ ಅದರ ಮೂಲ ಉದ್ದೇಶ. ಕೋಟಿಗಟ್ಟಲೆ ಬಿಂದುಗಳ ಚಿತ್ರವು ಅದರ ಪಾಲಿಗೆ ಆಮೇಲೆ ಬಂದ ಅತಿಥಿ. ಅದರ ಹಳೆಯ ಆವೃತ್ತಿಗಳು ಏಕವರ್ಣದ ಚಿತ್ರವನ್ನು ಮೊದಲು ಪೂರ್ತಿಯಾಗಿ ಬಣ್ಣಕ್ಕೆ ತಿರುಗಿಸಿ, ಅನಂತರ ತೆರೆಗೆ ತಕ್ಕಂತೆ ಕುಗ್ಗಿಸುತ್ತಿದ್ದುವು. 2017ರಲ್ಲಿ ಬಂದ ಎರಡನೆಯ ಮಹಾ ಆವೃತ್ತಿಯಲ್ಲಿ ಈ ಕ್ರಮವು ತಿರುವುಮುರುವಾಗಿ, ಅದು ಮೊದಲು ಕುಗ್ಗಿಸಿ ಅನಂತರ ಬಣ್ಣವನ್ನು ಹಚ್ಚತೊಡಗಿತು. ಸುಧಾರಣೆಯೇನೋ ಸ್ವಾಗತಾರ್ಹ. ಆದರೂ ಕುಗ್ಗಿಸುವುದಕ್ಕೆ ಮುಂಚೆ ಇಡಿಯ ಕೋಷ್ಟಕವು ಮೆಮೊರಿಯಲ್ಲಿ ಕುಳಿತಿರಲೇಬೇಕಾಗುತ್ತದೆ. ಎಷ್ಟು ತರಬೇಕೆಂಬ ವಿವೇಕವನ್ನು ಯಂತ್ರಕ್ಕೆ ವಹಿಸಲು ಬಾರದು. ಅದು ನಮ್ಮದೇ ಹೊಣೆ.

ಈ ವಿವೇಕವು ನಮ್ಮ ನಾಡಿಗೆ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯು ಕಾಪಾಡಿಕೊಂಡು ಬಂದ ಧವಲಾ ಗ್ರಂಥದ ತಾಳೆಯೋಲೆಗಳು ಜಗತ್ಪ್ರಸಿದ್ಧ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಆ ವ್ಯಾಖ್ಯಾನವು ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದು, 1939ರಿಂದ ಅಚ್ಚಿನಲ್ಲಿ ಹೊರಬರತೊಡಗಿತು. ಅಂತಹ ಗ್ರಂಥವನ್ನು ಓದುವವನು ಭಂಡಾರದ ಕಟ್ಟುಗಳನ್ನೆಲ್ಲ ತಂದು ವ್ಯಾಸಪೀಠದ ಮೇಲೆ ಒಟ್ಟುವುದುಂಟೆ? ಒಂದು ಕಟ್ಟನ್ನು ತಂದು, ದಾರವನ್ನು ಬಿಚ್ಚಿ, ಒಂದೊಂದೇ ಓಲೆಯನ್ನು ಮಗುಚಿ ಓದುತ್ತಾನೆ. ಭಂಡಾರವು ಎಷ್ಟೇ ದೊಡ್ಡದಿರಲಿ, ವ್ಯಾಸಪೀಠವು ಒಂದು ಕಟ್ಟಿನಷ್ಟಿದ್ದರೆ ಸಾಕು. ಗಣಕದ ಡಿಸ್ಕು ಭಂಡಾರ; ಮೆಮೊರಿಯು ವ್ಯಾಸಪೀಠ. ಓಲೆಗಳ ಛಾಯಾಚಿತ್ರಗಳನ್ನು ನೋಡುವಾಗಲೂ ಇದೇ ನಿಯಮವು ಸಲ್ಲುತ್ತದೆ. 60 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಓಲೆಯೊಂದನ್ನು ಅಂಗುಲಕ್ಕೆ 600 ಬಿಂದುಗಳಂತೆ ಪ್ರತಿಮಾಡಿದರೆಂದು ಭಾವಿಸಿರಿ. ಸುಮಾರು 2 ಕೋಟಿ ಬಿಂದುಗಳು, ಮೂರು ಬಣ್ಣಗಳಿಗೆ 6 ಕೋಟಿ ಬೈಟುಗಳು. ಇಂತಹ ಇನ್ನೂರು ಓಲೆಗಳನ್ನು ಒಟ್ಟಿಗೆ ತೆರೆದರೆ 1,200 ಕೋಟಿ. ಒಂದಾದ ಮೇಲೊಂದರಂತೆ ತೆರೆದು ಮುಚ್ಚಿದರೆ 6 ಕೋಟಿಯೇ ಸಾಕು.

ಮುಚ್ಚುವ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆದ ಚಿತ್ರಪಟವನ್ನು ನಾವಾಗಿ ಮುಚ್ಚುವ ತನಕ ಅದು ಮೆಮೊರಿಯಲ್ಲಿಯೇ ಉಳಿಯುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಪಟಗಳು ತೆರೆದಿದ್ದರೆ ತಂತ್ರಾಂಶವೇ ಎಚ್ಚರಿಸುತ್ತದೆ. ಒಂದು ವರ್ಷದ ಚಿತ್ರಗಳನ್ನು ಸಾಲಾಗಿ ಬರೆಸುವವರು ಪ್ರತಿಯೊಂದನ್ನೂ ಉಳಿಸಿದೊಡನೆ ಮುಚ್ಚದಿದ್ದರೆ, ಎಷ್ಟು ಮೆಮೊರಿಯಿದ್ದರೂ ಒಂದು ದಿನ ಸಾಲದೆಹೋಗುವುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಬೇಕಾದ ತುಂಡನ್ನು ಮಾತ್ರ ತರುವುದು. ಘಟ್ಟದ ಬುಡದ 20 ಕಿಲೋಮೀಟರ್ ಚೌಕವೆಂದರೆ 2,000ಕ್ಕೆ 2,000 ಬಿಂದುಗಳು. ಮೂರು ಬಣ್ಣಗಳಿಗೆ 2 ಕೋಟಿ 40 ಲಕ್ಷ ಬೈಟುಗಳು. ಎಂಟು ಬೈಟಿನ ದಶಮಾಂಶವಾಗಿ ಹಿಗ್ಗಿದರೂ 10 ಕೋಟಿಯನ್ನು ಮುಟ್ಟದು. ಎರಡನೆಯದು, ಇಡಿಯ ಚಿತ್ರದ ಸ್ಥೂಲರೂಪವನ್ನು ನೋಡಬೇಕಾದಾಗ ಕುಗ್ಗಿಸಿಯೇ ತರುವುದು. ಸೆಂಟಿನೆಲ್-2ರ ಕಡತಗಳನ್ನು ಬರೆದಿಟ್ಟಿರುವ ಜೆಪೆಗ್-2000 ಎಂಬ ಕ್ರಮದಲ್ಲಿ ಅರ್ಧ, ಕಾಲು, ಅರೆಕಾಲು ಅಳತೆಯ ಚಿತ್ರಗಳನ್ನು ನೇರವಾಗಿ ಓದಿಕೊಳ್ಳುವ ಅನುಕೂಲವೇ ಅಡಗಿದೆ. ಅಥವಾ ಒಂದು ಪದರವನ್ನು 1,000 ಸಾಲುಗಳ ಪಟ್ಟಿಗಳಾಗಿ 11 ಸಲ ಓದಿ, ಹತ್ತಕ್ಕೆ ಹತ್ತರ ಚೌಕದ ಸರಾಸರಿಯನ್ನು ತೆಗೆಯುತ್ತ ಹೋಗಬಹುದು. ಒಂದು ಪಟ್ಟಿಗೆ ಬೇಕಾಗುವುದು 2 ಕೋಟಿ 20 ಲಕ್ಷ ಬೈಟುಗಳಷ್ಟೆ. ಮೂರನೆಯದು, ದಶಮಾಂಶಕ್ಕೆ 8ರ ಬದಲು 4 ಬೈಟುಗಳನ್ನು ಗೊತ್ತುಪಡಿಸುವುದು. ಉಪಗ್ರಹದ ಕಣ್ಣು ಬೆಳಕನ್ನು ಅಳೆಯುವುದೇ 4,096 ಮೆಟ್ಟಿಲುಗಳಲ್ಲಿ. 4 ಬೈಟಿನ ಸಂಖ್ಯೆಯು ಏಳು ಅಂಕಿಗಳ ಖಚಿತತೆಯನ್ನು ಕೊಡುವಾಗ ಅದಕ್ಕೆ ಮೀರಿದ ಖಚಿತತೆ ಯಾರಿಗಾಗಿ?

ಆದರೆ ಕುಗ್ಗಿಸುವುದರಲ್ಲಿ ಒಂದು ಅಪಾಯವಿದೆ. ಅದನ್ನು ಮುಚ್ಚಿಟ್ಟು ಉಪಾಯವನ್ನು ಮಾತ್ರ ಹೇಳುವುದು ನ್ಯಾಯವಲ್ಲ. ಗುಡ್ಡ ಜರಿದ ಗುರುತೊಂದು 40 ಮೀಟರ್ ಉದ್ದ, 40 ಮೀಟರ್ ಅಗಲವಿದೆಯೆನ್ನೋಣ. ಮೂಲಚಿತ್ರದಲ್ಲಿ ಅದು 16 ಬಿಂದುಗಳಷ್ಟಾಯಿತು. ಹತ್ತಕ್ಕೊಂದರಂತೆ ಬಿಂದುಗಳನ್ನು ಆಯ್ದು ಉಳಿದುದನ್ನು ಬಿಟ್ಟರೆ, ಈ ಗುರುತು ಎರಡು ಆಯ್ಕೆಗಳ ನಡುವೆ ಸಿಕ್ಕಿ ಹೇಳಹೆಸರಿಲ್ಲದೆ ಮಾಯವಾಗಬಹುದು. ಸರಾಸರಿಯನ್ನು ತೆಗೆದರೆ ಮಾಯವಾಗದು. ಆದರೆ ನೂರು ಬಿಂದುಗಳ ಚೌಕದಲ್ಲಿ 16ರ ಬಣ್ಣವು ಸುತ್ತಣ ಕಾಡಿನ ಹಸಿರಿನೊಡನೆ ಬೆರೆತು ಮಸುಕಾಗುವುದು. ಓಲೆಯಲ್ಲಿಯೂ ಅಷ್ಟೆ, ಅನುಸ್ವಾರದ ಸೊನ್ನೆಯೊಂದು ಮಾಸಿಹೋದರೆ ಪದವೇ ಬೇರೆಯಾದೀತು. ಆದುದರಿಂದ ಕುಗ್ಗಿಸಿದ ಚಿತ್ರವು ದಾರಿ ತಿಳಿಯಲು ಮಾತ್ರ. ಅಳೆಯುವುದಕ್ಕೆ, ಎಣಿಸುವುದಕ್ಕೆ, ತೀರ್ಪು ಕೊಡುವುದಕ್ಕೆ ಮೂಲಚಿತ್ರದ ತುಂಡಿಗೇ ಹಿಂದಿರುಗಬೇಕು. ಭೂಪಟದ ಅಂಚಿನಲ್ಲಿ ಮಾನವನ್ನು ಮುದ್ರಿಸುವಂತೆ, ಕುಗ್ಗಿಸಿದ ಚಿತ್ರದ ಕೆಳಗೆ ಎಷ್ಟು ಮಡಿ ಕುಗ್ಗಿಸಿದೆ, ಯಾವ ವಿಧಾನದಿಂದ ಕುಗ್ಗಿಸಿದೆ ಎಂದು ಬರೆಯುವುದನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಕಡ್ಡಾಯವೆಂದು ಭಾವಿಸಬೇಕು. ‘ಇಲ್ಲಿ ಕುಸಿತವಿಲ್ಲ’ ಎಂಬುದಕ್ಕೂ ‘ಈ ಚಿತ್ರದಲ್ಲಿ ಕುಸಿತವು ಕಾಣುತ್ತಿಲ್ಲ’ ಎಂಬುದಕ್ಕೂ ಅಜಗಜಾಂತರವುಂಟು. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಅಂತರವು ಬರಿಯ ಮಾತಿನದಲ್ಲ.

ಮೆಮೊರಿಯ ಬೆಲೆಯು ಇಳಿಯುತ್ತಲೇ ಬಂದಿದೆ, ಕೆಲವು ವರ್ಷ ಕಾದರೆ ಈ ತೊಂದರೆಯು ತಾನಾಗಿ ಪರಿಹಾರವಾದೀತೆಂದು ಕೆಲವರು ಹೇಳಬಹುದು. ಈ ವಾದವನ್ನು ನಾವು ಒಪ್ಪಲಾರೆವು. ಯಂತ್ರವು ಬೆಳೆದಂತೆ ಕಣ್ಣೂ ಬೆಳೆಯುತ್ತದೆ. ನಮ್ಮದೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು 2019ರ ನವೆಂಬರ್ 27ರಂದು ಹಾರಿಸಿದ ಕಾರ್ಟೊಸ್ಯಾಟ್-3, ನೆಲದ ಮೇಲಣ ಸುಮಾರು ಕಾಲು ಮೀಟರಿನ ವಸ್ತುವನ್ನು ಗುರುತಿಸಬಲ್ಲುದು. ಅದರ ನೋಟದ ಅಗಲವು 16 ಕಿಲೋಮೀಟರ್. ಅಷ್ಟೇ ಉದ್ದದ ಒಂದು ಚೌಕವನ್ನು ತೆಗೆದುಕೊಂಡರೆ 64,000ಕ್ಕೆ 64,000, ಎಂದರೆ ಸುಮಾರು 410 ಕೋಟಿ ಬಿಂದುಗಳು. 2 ಬೈಟಿನಂತೆ 820 ಕೋಟಿ, 8 ಬೈಟಿನಂತೆ 3,280 ಕೋಟಿ. ಅದೂ ಒಂದೇ ಬಣ್ಣಕ್ಕೆ! ಇಂದಿನ ಅಡುಗೆಗೆ ಹೊಸ ಹಂಡೆಯನ್ನು ಕೊಂಡರೆ ನಾಳೆ ಅದಕ್ಕೂ ದೊಡ್ಡ ಹಂಡೆ ಬೇಕಾಗುತ್ತದೆ. ಅಳೆದು ಬೇಯಿಸುವ ಅಭ್ಯಾಸವು ಮಾತ್ರ ಎಂದಿಗೂ ಹಳತಾಗದು.

ಶಾಲಾ ಕಾಲೇಜುಗಳಿಗೆ ಒಳ್ಳೆಯ ಯಂತ್ರಗಳು ಬೇಡವೆಂದು ನಮ್ಮ ಮಾತಿನ ಅರ್ಥವಲ್ಲ. ಅವು ಬೇಕು, ಬೇಗನೆ ಬೇಕು. ಆದರೆ ಯಂತ್ರವು ಬರುವ ತನಕ ವಿಜ್ಞಾನವನ್ನು ಕಾಯಿಸುವುದು ಬೇಡ. ಗಣಕ ಪ್ರಯೋಗಶಾಲೆಯ ಮೊದಲ ಪಾಠದಲ್ಲಿಯೇ ಉದ್ದ, ಅಗಲ, ಪದರ, ಬೈಟು ಎಂಬ ನಾಲ್ಕನ್ನು ಗುಣಿಸುವ ಅಭ್ಯಾಸವನ್ನು ಮಾಡಿಸಲಿ. ತಂತ್ರಾಂಶವನ್ನು ರಚಿಸುವವರು, ಕೋಷ್ಟಕವು ಮೆಮೊರಿಯನ್ನು ಮೀರುವಂತಿದ್ದರೆ ಓದುವುದಕ್ಕೆ ಮುಂಚೆಯೇ ತಿಳಿಸುವ ಏರ್ಪಾಟನ್ನು ಮಾಡಲಿ. ವಿದ್ಯಾರ್ಥಿಗಳಾದರೋ ‘ಮೆಮೊರಿ ಸಾಲದು’ ಎಂಬ ಸಾಲನ್ನು ಕಂಡು ಅಂಜದೆ, ಅದನ್ನು ಕೊನೆಯ ತನಕ ಓದಲಿ. ನಂಪೈ ಕೊಡುವ ಆ ಸಾಲಿನಲ್ಲಿ ಎಷ್ಟು ಸ್ಥಳವನ್ನು ಕೇಳಿದಿರಿ, ಕೋಷ್ಟಕದ ಉದ್ದಗಲಗಳೇನು, ಸಂಖ್ಯೆಯ ಜಾತಿ ಯಾವುದು ಎಂಬುದೆಲ್ಲ ಬರೆದಿರುತ್ತದೆ. ಅದು ಬೈಗುಳಲ್ಲ, ಲೆಕ್ಕದ ಚೀಟಿ. ಚೀಟಿಯನ್ನು ಓದಬಲ್ಲವರಿಗೆ ಬೆಳ್ತಂಗಡಿಯ ಗುಡ್ಡವೂ ಬಂಟ್ವಾಳದ ಹೊಳೆಯೂ ಮೂಡುಬಿದಿರೆಯ ಓಲೆಯೂ ತಮ್ಮ ಮುಂದಿರುವ ಸಾಧಾರಣ ಯಂತ್ರದಲ್ಲಿಯೇ ತೆರೆದುಕೊಳ್ಳುವುವು.