ಊರು ಬದಲಾದಾಗ ತಿಳಿದಿರಬೇಕಾದ ನಿಯಮಗಳು

ಪಿ.ಯು.ಸಿ. ಫಲಿತಾಂಶ ಬಂದು ಕಾಲೇಜಿನ ಸೀಟು ಗೊತ್ತಾದೊಡನೆ ಅನೇಕ ಮನೆಗಳಲ್ಲಿ ಬೆಂಗಳೂರಿನ ಮಾತು ಶುರುವಾಗುತ್ತದೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಬಸ್ಸು ಎಲ್ಲಿ ಸಿಗುತ್ತದೆ, ಅಲ್ಲಿಯ ಊಟ ಮಕ್ಕಳಿಗೆ ಹೊಂದೀತೇ ಎಂದು ತಂದೆ-ತಾಯಿ ವಿಚಾರಿಸುತ್ತಾರೆ. ಆ ಊರಿನ ನಿಯಮಗಳೇನು ಎಂದು ವಿಚಾರಿಸುವವರು ವಿರಳ. ಕಸದ ಗಾಡಿಯವರು ಬುಟ್ಟಿಯನ್ನು ಹಾಗೇ ಹಿಂದಿರುಗಿಸಿದಾಗಲೋ, ದಂಡದ ರಸೀದಿ ಕೈಗೆ ಬಂದಾಗಲೋ ನಿಯಮವೊಂದಿದೆ ಎಂಬುದು ಅರಿವಾಗುತ್ತದೆ.

ಹಳ್ಳಿಯ ಮನೆಯಲ್ಲಿ ನೀರು ಎಲ್ಲಿಂದ ಬಂತು, ಕಸ ಎಲ್ಲಿಗೆ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಬಾವಿಯಲ್ಲಿ ನೀರು ಇಳಿದರೆ ಮನೆಮಂದಿಗೆಲ್ಲ ಗೊತ್ತು. ಬಚ್ಚಲ ನೀರು ಬಾಳೆಯ ಬುಡಕ್ಕೆ, ತರಕಾರಿ ಸಿಪ್ಪೆ ದನದ ಕಲಗಚ್ಚಿಗೆ, ಉಳಿದದ್ದು ತಿಪ್ಪೆಗೆ. ತಿಪ್ಪೆ ಗೊಬ್ಬರವಾಗಿ ಮತ್ತೆ ಹೊಲ ಸೇರುತ್ತದೆ. ನಗರದಲ್ಲಾದರೋ ನಲ್ಲಿಯ ಹಿಂದೆ ಏನಿದೆ, ಕಸದ ಬುಟ್ಟಿಯ ಮುಂದೆ ಏನಿದೆ ಎಂಬುದು ಕಾಣುವುದಿಲ್ಲ. ಕಾಣದ ಕಡೆಯಲ್ಲಿ ಇತರರಿಗೆ ತೊಂದರೆಯಾಗದಿರಲೆಂದೇ ನಿಯಮಗಳು ಹುಟ್ಟಿವೆ. ಅವುಗಳ ಹಿಂದಿರುವ ವಿಜ್ಞಾನವನ್ನು ತಿಳಿದವರಿಗೆ ಪಾಲನೆ ಭಾರವೆನಿಸದು.

ಮೊದಲನೆಯದು ಕಸ. ಬೆಂಗಳೂರಿನಲ್ಲಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕು. ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ಹೈಕೋರ್ಟು 2015ರ ಡಿಸೆಂಬರಿನಲ್ಲಿ ಕಡ್ಡಾಯಗೊಳಿಸಿತು. ಅಡುಗೆಮನೆಯ ಹಸಿ ಕಸ ಹಸಿರು ಬುಟ್ಟಿಗೆ. ಕಾಗದ, ಪ್ಲಾಸ್ಟಿಕ್, ಲೋಹದಂಥ ಒಣ ಕಸ ಚೀಲಕ್ಕೆ. ಸ್ಯಾನಿಟರಿ ಪ್ಯಾಡ್, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಬುಟ್ಟಿಗೆ ಹಾಕಬೇಕು. ಬ್ಯಾಟರಿ, ಕೆಟ್ಟ ಬಲ್ಬು, ಅವಧಿ ಮೀರಿದ ಔಷಧಿಗಳನ್ನು ಪ್ರತ್ಯೇಕವಾಗಿಡಬೇಕು. ಊರಿನಲ್ಲಿ ಅಂಗಳದ ಕಸಕ್ಕೆ ಬೆಂಕಿಯಿಡುವ ರೂಢಿಯಿದ್ದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಬಯಲಲ್ಲಿ ಕಸ ಸುಡುವುದು ನಿಷಿದ್ಧ.

ಹಸಿ ಕಸ ಬೇರೆ ಕಸದೊಡನೆ ಬೆರೆತು ಗುಡ್ಡೆಯಾದರೆ ಒಳಗೆ ಗಾಳಿಯಾಡುವುದಿಲ್ಲ. ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಅನಿಲವನ್ನು ಬಿಡುತ್ತವೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ. ಆದರೆ ತೆರೆದ ರಾಶಿಗೆ ಬೆಂಕಿ ಹತ್ತಿದರೆ ಅದು ದಿನಗಟ್ಟಲೆ ಹೊಗೆಯಾಡುತ್ತದೆ. ಕೊಳೆತ ರಸ ಮಳೆನೀರಿನೊಡನೆ ಇಳಿದು ಅಂತರ್ಜಲವನ್ನು ಸೇರುತ್ತದೆ. ಬೆಂಗಳೂರಿನ ಬೆರಕೆ ಕಸ ವರ್ಷಗಟ್ಟಲೆ ಬಿದ್ದದ್ದು ಹೊರವಲಯದ ಮಾವಳ್ಳಿಪುರ, ಮಂಡೂರು ಗ್ರಾಮಗಳ ಬಳಿ. ಅಲ್ಲಿಯ ಜನ ದುರ್ವಾಸನೆಯನ್ನೂ ಕೆಟ್ಟ ನೀರನ್ನೂ ಸಹಿಸಿ, ಕೊನೆಗೆ ಬೀದಿಗಿಳಿದರು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ ಕಸ ಸುರಿಯುವುದು ನಿಂತಿತು. ನಗರದಲ್ಲಿ ಒಬ್ಬರು ಉಳಿಸಿಕೊಂಡ ಎರಡು ನಿಮಿಷದ ಶ್ರಮಕ್ಕೆ ಹಳ್ಳಿಯೊಂದು ಬೆಲೆ ತೆರುತ್ತದೆ. ಬೆರಕೆ ಕಸದಲ್ಲಿ ಕೈಯಾಡಿಸುವ ಪೌರಕಾರ್ಮಿಕರನ್ನೂ ಮರೆಯಬಾರದು. ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿಟ್ಟರೆ ಅವರ ಬೆರಳು ಉಳಿಯುತ್ತದೆ.

ಎರಡನೆಯದು ನೀರು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. 1,000 ಲೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿದರೆ 49 ಲಕ್ಷ ಜೂಲ್. ಅಂದರೆ ಸುಮಾರು 1.36 ಯೂನಿಟ್ ವಿದ್ಯುತ್. ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಇಂಥ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ಜಲಮಂಡಳಿಯು 2024ರ ಮಾರ್ಚಿನ ಅಭಾವದಲ್ಲಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಹೊರಬಿತ್ತು.

ಮಳೆನೀರು ಸಂಗ್ರಹವನ್ನು 2009ರ ಕಾನೂನು ತಿದ್ದುಪಡಿ ಕಡ್ಡಾಯ ಮಾಡಿತು. ಹಳೆಯ ಕಟ್ಟಡವಾದರೆ 60x40 ಅಡಿಯ, ಹೊಸದಾದರೆ 30x40 ಅಡಿಯ ಹಾಗೂ ಅದಕ್ಕೂ ದೊಡ್ಡ ನಿವೇಶನಗಳಿಗೆ ಇದು ಅನ್ವಯ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಡಿ ಎಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ 900 ಮಿಲಿಮೀಟರ್ ಎಂದಿಟ್ಟುಕೊಂಡರೂ ಅಷ್ಟು ಜಾಗದ ಮೇಲೆ ಬೀಳುವುದು ಸುಮಾರು ಒಂದು ಲಕ್ಷ ಲೀಟರ್.

ಮೂರನೆಯದು ಶಬ್ದ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ದೇಶಕ್ಕೆಲ್ಲ ಅನ್ವಯವಾದರೂ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಅವುಗಳ ಅಗತ್ಯ ಹೆಚ್ಚು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ-ಉತ್ಸವಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡಬಹುದು. 45 ಇರಬೇಕಾದಲ್ಲಿ 65 ಆದರೆ ಇಪ್ಪತ್ತೇ ಹೆಚ್ಚು ಎಂದು ಭಾವಿಸಬಾರದು. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ತೀವ್ರತೆ ಹತ್ತು ಪಟ್ಟು ಏರುವುದರಿಂದ 20 ಡೆಸಿಬೆಲ್ ಎಂದರೆ ನೂರು ಪಟ್ಟು. ಗೋಡೆಯಾಚೆ ಪರೀಕ್ಷೆಗೆ ಓದುವ ಹುಡುಗಿಯೋ, ರಾತ್ರಿಪಾಳಿ ಮುಗಿಸಿ ಮಲಗಿದವರೋ ಇರಬಹುದು.

ಇನ್ನೊಂದು, ಮರ. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಯಾವುವೆಂದು ಕೇಳಿ ತಿಳಿಯುವುದು ಕ್ಷೇಮ.

ಯಾರನ್ನು ಕೇಳುವುದು? ಬೆಂಗಳೂರಿನ ಆಡಳಿತವು 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾಗಿ ವಿಭಾಗವಾಗಿದೆ. ಮನೆ ಯಾವ ಪಾಲಿಕೆಗೆ ಸೇರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನೀರಿನ ವಿಷಯಕ್ಕೆ ಜಲಮಂಡಳಿ ಪ್ರತ್ಯೇಕ. ಮುಂಗಡ ಕೊಡುವ ಮುನ್ನ ಮನೆಯ ಮಾಲೀಕರನ್ನೂ ನಾಲ್ಕು ಪ್ರಶ್ನೆ ಕೇಳಬೇಕು: ಹಸಿ ಕಸ, ಒಣ ಕಸದ ಗಾಡಿ ಯಾವ ದಿನ ಬರುತ್ತದೆ? ನೀರು ಕಾವೇರಿಯದೋ ಕೊಳವೆಬಾವಿಯದೋ? ಮಳೆನೀರು ಸಂಗ್ರಹದ ಏರ್ಪಾಡು ಇದೆಯೇ? ಮಗನ ದ್ವಿಚಕ್ರ ವಾಹನ ನಿಲ್ಲಿಸಲು ಒಳಗೆ ಜಾಗವಿದೆಯೇ?

ಅಭ್ಯಾಸ ಮಾತ್ರ ಊರಿನಲ್ಲೇ ಆರಂಭವಾಗಲಿ. ಹೊರಡುವ ಮುನ್ನ ಒಂದು ವಾರ ಮನೆಯ ಹಸಿ, ಒಣ ಕಸವನ್ನು ಬೇರೆಬೇರೆ ಬುಟ್ಟಿಗಳಲ್ಲಿಟ್ಟು ದಿನವೂ ತೂಗಿ ಬರೆದಿಡಬೇಕು. ಅಪ್ಪ-ಅಮ್ಮನೂ ಜೊತೆಗೂಡಿದರೆ ಒಳ್ಳೆಯದು. ವಾರದ ಕೊನೆಯಲ್ಲಿ ಯಾವ ಬುಟ್ಟಿ ಭಾರ ಎಂಬುದನ್ನು ಕಂಡ ಮಗುವಿಗೆ ನಗರದ ಮೊದಲ ನಿಯಮವನ್ನು ಮತ್ತೆ ಹೇಳಿಕೊಡಬೇಕಾಗದು.