ಹಳೆಯ ಟೀವಿ ಆಟಗಳು: ಎಲ್ಲಕ್ಕೂ ಒಂದೋ, ಒಂದೊಂದಕ್ಕೆ ಒಂದೋ?

ರಾತ್ರಿ ಹನ್ನೊಂದೂವರೆಗೆ ಹೊಟೇಲಿನ ಬಾಗಿಲೆಳೆದು, ಮೇಜುಗಳನ್ನು ಜೋಡಿಸಿ ಹಾಸಿಗೆ ಬಿಡಿಸುವ ಮುನ್ನ, ಧಣಿಗಳ ಮನೆಯಿಂದ ಬಂದ ಹಳೆಯ ಟೀವಿಗೆ ಪುಟ್ಟ ಪೆಟ್ಟಿಗೆಯೊಂದನ್ನು ಸಿಕ್ಕಿಸಿ ಆಡಿದ ಸುಖವು 1990ರ ದಶಕದಲ್ಲಿ ಮುಂಬಯಿಗೆ ಬಂದ ನಮ್ಮಲ್ಲನೇಕರ ನೆನಪಿನಲ್ಲಿರಬಹುದು. ಕಾಂಟ್ರಾ, ಮಾರಿಯೋ ಎಂಬ ಹೆಸರು ಕೇಳಿದೊಡನೆ ಹೆಬ್ಬೆರಳು ತಾನಾಗಿಯೇ ಅಲುಗುವವರು ಇಂದು ಗಲ್ಲಾದ ಮೇಲೆ ಕುಳಿತಿದ್ದಾರೆ; ಕಚೇರಿಗಳಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈಯಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದೆಂಬುದು ಆಗ ನಮಗೆ ತಿಳಿದಿರಲಿಲ್ಲ. 9999 ಆಟಗಳೆಂದು ಮೇಲೆ ಬರೆದಿದ್ದ ಕ್ಯಾಸೆಟ್ಟಿನಲ್ಲಿ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿ ಮರಳಿ ಮರಳಿ ಬರುತ್ತಿದ್ದುದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಈಗ ಇದನ್ನು ನೆನೆಯಲು ಕಾರಣವುಂಟು. ಅಂಧೇರಿಯ ಹೊಟೇಲೊಂದರಲ್ಲಿ ಮ್ಯಾನೇಜರರಾಗಿರುವ ನನ್ನ ಊರಿನ ಮಿತ್ರರೊಬ್ಬರು, ಮಗನಿಗೆ ತಮ್ಮ ಕಾಲದ ಆಟವನ್ನು ತೋರಿಸುವ ಆಸೆಯಿಂದ, ಹತ್ತು ಸಾವಿರ ಆಟಗಳುಳ್ಳ ಪೆಟ್ಟಿಗೆಯೊಂದನ್ನು ನಗರದ ಅಂಗಡಿಯೊಂದರಲ್ಲಿ ಕೊಂಡರು. ಧ್ವನಿ ಒಡೆದು ಬರುತ್ತಿತ್ತು. ಗುಂಡಿಯೊತ್ತಿದ ಮೇಲೆ ತುಸು ಹೊತ್ತಿಗೆ ಆಳು ಜಿಗಿಯುತ್ತಿದ್ದನು. ತಿಂಗಳೊಳಗೆ ಒಳಗಿನ ಕಾರ್ಡು ಕೆಟ್ಟಿತು. “ಏನು ಮಾರಾಯ್ರೇ, ಹತ್ತು ಸಾವಿರದೊಳಗೆ ನನಗೆ ಬೇಕಾದ ಒಂದು ನೆಟ್ಟಗಿಲ್ಲ!” ಎಂದು ಅವರು ನಿಟ್ಟುಸಿರಿಟ್ಟರು. ವಾರಕ್ಕೊಂದು ರಜೆಯುಳ್ಳವನ ಹಣವೂ ಹೋಯಿತು, ಮಗನೊಡನೆ ಕಳೆಯಬೇಕಾಗಿದ್ದ ಗಳಿಗೆಯೂ ಹೋಯಿತು. ಇದೇ ಹಾದಿಯಲ್ಲಿರುವ ಇತರರಿಗೆ ಉಪಯೋಗವಾದೀತೆಂದು ಎರಡು ಮಾತು ಬರೆಯುತ್ತಿದ್ದೇನೆ.

ಇಂಥ ಪೆಟ್ಟಿಗೆಗಳ ಒಳಗೆ ಕೆಲಸ ಮಾಡುವುದು ಎಮ್ಯುಲೇಟರ್ ಎಂಬ ತಂತ್ರಾಂಶ. ಯಕ್ಷಗಾನದ ಕಲಾವಿದನು ವೇಷ ಕಟ್ಟಿ ಕರ್ಣನೋ ಕೌರವನೋ ಆಗುವಂತೆ, ಇಂದಿನ ಕಂಪ್ಯೂಟರೋ ಫೋನೋ ಈ ತಂತ್ರಾಂಶದ ಬಲದಿಂದ ಹಳೆಯ ಯಂತ್ರವಾಗಿ ವರ್ತಿಸುತ್ತದೆ. ಇದರಲ್ಲಿ ಎರಡು ವರ್ಗಗಳಿವೆ. ಒಂದೇ ಯಂತ್ರವನ್ನು ಆರಿಸಿಕೊಂಡು ಅದರ ನಡೆನುಡಿಗಳನ್ನೆಲ್ಲ ಸಾಧಿಸುವುದು ಮೊದಲನೆಯದು. ಅಟಾರಿ 2600ಕ್ಕೆ ಸ್ಟೆಲ್ಲಾ, ಸೂಪರ್ ನಿಂಟೆಂಡೊಗೆ ಸ್ನೆಸ್9ಎಕ್ಸ್, ಸೋನಿಯ ಪಿಎಸ್‌ಪಿಗೆ 2012ರಲ್ಲಿ ಬಂದ ಪಿಪಿಎಸ್‌ಎಸ್‌ಪಿಪಿ ಮೊದಲಾದವು ಇದಕ್ಕೆ ಉದಾಹರಣೆ. ಹತ್ತಾರು ಯಂತ್ರಗಳನ್ನು ಒಂದೇ ಮಾಡಿನ ಕೆಳಗೆ ತರುವುದು ಎರಡನೆಯದು. 2010ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2012ರಿಂದ ರೆಟ್ರೋಆರ್ಚ್ ಎನಿಸಿಕೊಂಡಿರುವ ತಂತ್ರಾಂಶವು ಇವುಗಳಲ್ಲಿ ಹೆಸರಾದುದು.

ಇವುಗಳ ತಾರತಮ್ಯವನ್ನು ಹೊಟೇಲಿನ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರು ಪಡೆದದ್ದು ಊಟವೊಂದರಿಂದ. ಮುಂದೆ ನಮ್ಮವರ ಹೊಟೇಲುಗಳ ಫಲಕದಲ್ಲಿ ದೋಸೆಯ ಪಕ್ಕದಲ್ಲಿ ಪಾವ್ ಭಾಜಿ ಬಂತು, ಪಂಜಾಬಿ ಬಂತು, ಚೈನೀಸೂ ಬಂತು. ಐದು ಮಂದಿಯ ಕುಟುಂಬಕ್ಕೆ ಐದು ಬಗೆಯ ತಿಂಡಿ ಒಂದೇ ಮೇಜಿನ ಮೇಲೆ ಸಿಗುವುದು ಸಣ್ಣ ಅನುಕೂಲವಲ್ಲ. ರೆಟ್ರೋಆರ್ಚಿನ ಅನುಕೂಲವೂ ಅಂಥದೇ. ಆಟದ ಗುಂಡಿಗಳನ್ನು ಒಮ್ಮೆ ಹೊಂದಿಸಿದರೆ ಬಹುಪಾಲು ಯಂತ್ರಗಳಿಗೆ ಅದೇ ಸಾಕು. ಹಳೆಯ ಟೀವಿಯ ಗೆರೆಗೆರೆಯಾದ ಚಿತ್ರವನ್ನು ಅನುಕರಿಸುವ ಸೌಕರ್ಯವೂ, ದೂರದಲ್ಲಿರುವ ಗೆಳೆಯನೊಡನೆ ಆಡುವ ಸೌಕರ್ಯವೂ ಅದರಲ್ಲುಂಟು.

ಆದರೆ ಅದರ ಅಡಿಗೆಮನೆಯನ್ನು ಇಣುಕಿ ನೋಡಬೇಕು. ರೆಟ್ರೋಆರ್ಚ್ ತಾನಾಗಿ ಯಾವ ಯಂತ್ರವನ್ನೂ ಅನುಕರಿಸುವುದಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ‘ಕೋರ್’ ಅನ್ನು ತಂದು ಕೂರಿಸಿಕೊಳ್ಳುತ್ತದೆ. ಆ ಕೋರುಗಳಲ್ಲಿ ಬಹಳಷ್ಟು ಸ್ನೆಸ್9ಎಕ್ಸ್, ನೆಸ್ಟೋಪಿಯಾ, ಎಮ್‌ಜಿಬಿಎ ಮೊದಲಾದ ಒಂಟಿ ಸಾಧಕರ ಕೃತಿಗಳೇ. ಫಲಕ ಒಂದು, ಭಟ್ಟರು ಹಲವರು. ಮೂಲ ತಂತ್ರಾಂಶದಲ್ಲಿ ಆದ ತಿದ್ದುಪಡಿಯು ಕೋರಿಗೆ ಬಂದು ಮುಟ್ಟಲು ತಡವಾಗುವುದುಂಟು. ಮೂಲದಲ್ಲಿರುವ ಎಲ್ಲ ಸೂಕ್ಷ್ಮ ಆಯ್ಕೆಗಳೂ ಅಲ್ಲಿ ದೊರೆಯುವುದಿಲ್ಲ. ಹೊಸಬನಿಗೆ ಅದರ ಪಟ್ಟಿಗಳ ಮೇಲೆ ಪಟ್ಟಿಗಳನ್ನು ದಾಟುವುದರಲ್ಲಿಯೇ ರಜೆಯ ಮಧ್ಯಾಹ್ನ ಕಳೆದುಹೋದೀತು.

ಒಂಟಿ ಸಾಧನೆಯ ಬೆಲೆಯೇನೆಂಬುದಕ್ಕೆ ನಮ್ಮ ಟೀವಿಯಿಂದಲೇ ದೃಷ್ಟಾಂತ ಕೊಡುವೆನು. ಜಪಾನಿನ ಫ್ಯಾಮಿಕಾಮ್ ಚಿತ್ರವನ್ನು ಸೆಕೆಂಡಿಗೆ ಸುಮಾರು 60 ಬಾರಿ ಬರೆಯುತ್ತಿತ್ತು. ನಮ್ಮ ದೇಶದ ಪಾಲ್ ಪದ್ಧತಿಯ ಟೀವಿಗಳದು 50. ಇಂಥ ದೇಶಗಳಿಗಾಗಿ ತಯಾರಾದ ನಕಲು ಯಂತ್ರಗಳಲ್ಲನೇಕವು ಜಪಾನಿನ ಲಯವನ್ನೂ ಅನುಸರಿಸದೆ, ಯುರೋಪಿನ ಮೂಲಯಂತ್ರದ ಲಯವನ್ನೂ ಅನುಸರಿಸದೆ, ಮೂರನೆಯದೊಂದನ್ನು ಹಿಡಿದವು. ರಷ್ಯದಲ್ಲಿ 1992ರಲ್ಲಿ ಮಾರಾಟಕ್ಕೆ ಬಂದ ಡೆಂಡಿ ಎಂಬ ನಕಲಿನ ಹೆಸರೇ ಆ ಲಯಕ್ಕೆ ನಿಂತಿತು. ಮೆಸೆನ್, ಎಫ್‌ಸಿಇಯುಎಕ್ಸ್ ಮುಂತಾದವು ಫ್ಯಾಮಿಕಾಮನ್ನೇ ಹಿಡಿದು ಬೆಳೆದವಾದುದರಿಂದ ‘ಡೆಂಡಿ’ ಎಂಬ ಆಯ್ಕೆಯನ್ನೂ ಇರಿಸಿವೆ. ಅದನ್ನು ಆರಿಸಿದಾಗ ಸಂಗೀತವು ತುಸು ಇಳಿದ ಲಯದಲ್ಲಿ, ನಾವು ಅಂದು ಕೇಳಿದಂತೆಯೇ ಕೇಳಿಬರುವುದು. ಬಡವನ ನಕಲನ್ನೂ ಅಳೆದು ದಾಖಲಿಸಿದವರ ಶ್ರದ್ಧೆ ಎಷ್ಟು ದೊಡ್ಡದು!

ಇನ್ನೊಂದು ಪಾಠವೂ ಇಲ್ಲಿದೆ. 2004ರಲ್ಲಿ ಸೂಪರ್ ನಿಂಟೆಂಡೊಗೆಂದೇ ಬಿಎಸ್‌ನೆಸ್ ಬರೆಯತೊಡಗಿದ ಕೈಯೇ ಅನಂತರ ಹಿಗಾನ್ ಎಂಬ ಬಹುಯಂತ್ರ ಎಮ್ಯುಲೇಟರನ್ನೂ ಕಟ್ಟಿತು. ಮೆಸೆನ್ ಸಹ ಫ್ಯಾಮಿಕಾಮಿನಲ್ಲಿ ಪಳಗಿದ ಮೇಲೆ ಇತರ ಯಂತ್ರಗಳನ್ನು ಸೇರಿಸಿಕೊಂಡಿದೆ. ಒಂದನ್ನು ಆಳವಾಗಿ ಬಲ್ಲವರಿಂದಲೇ ಹಲವು ಸಾಧ್ಯವಾದವು. ಆದುದರಿಂದ ಎರಡು ವರ್ಗಗಳ ನಡುವೆ ವೈರವನ್ನು ಕಲ್ಪಿಸುವುದು ಅನುಚಿತ. ಋಣವನ್ನು ಮರೆಯುವುದು ಅದಕ್ಕಿಂತಲೂ ಅನುಚಿತ.

ಅಂಗಡಿಯ ಪೆಟ್ಟಿಗೆಗಳ ವಿಷಯದಲ್ಲಿ ನನ್ನ ಆಕ್ಷೇಪವೂ ಇದೇ. ಮೇಲೆ ಹೆಸರಿಸಿದ ತಂತ್ರಾಂಶಗಳನ್ನೆಲ್ಲ ಉಚಿತವಾಗಿಯೇ ಪಡೆಯಬಹುದು. ಸ್ನೆಸ್9ಎಕ್ಸನ್ನಂತೂ ವ್ಯಾಪಾರಕ್ಕೆ ಬಳಸಕೂಡದೆಂದು ಅದರ ಕರ್ತೃಗಳು ಪರವಾನಗಿಯಲ್ಲಿಯೇ ಬರೆದಿದ್ದಾರೆ. ಅನ್ಯರ ಬೆವರನ್ನು ಡಬ್ಬಿಗೆ ತುಂಬಿ, ಅನುಮತಿಯಿಲ್ಲದೆ ಆಟಗಳನ್ನೂ ತುರುಕಿ ಮಾರುವವನಿಗೆ ನಾವೇಕೆ ಹಣ ಕೊಡಬೇಕು? ಆಟದ ಪ್ರತಿಗಳ ವಿಷಯದಲ್ಲಿ ನಾವೂ ಎಚ್ಚರದಿಂದಿರಬೇಕು. ನ್ಯಾಯವಾಗಿ ತನ್ನಲ್ಲಿರುವ ಪ್ರತಿ ನಷ್ಟವಾಗದಂತೆ ನಕಲಿರಿಸಿಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಕಂಡಕಂಡಲ್ಲಿಂದ ಇಳಿಸಿಕೊಳ್ಳುವುದು ಬೇರೆ ಮಾತು. ಕಾಂಟ್ರಾದ ಹಳೆಯ ಆಟಗಳ ಸಂಕಲನವನ್ನು ಕೊನಾಮಿ ಸಂಸ್ಥೆಯೇ 2019ರಲ್ಲಿ ಹೊರತಂದಿದೆ. ಹಳೆಯ ಯಂತ್ರಗಳಿಗಾಗಿ ಇಂದಿಗೂ ಹೊಸ ಆಟ ಬರೆದು ಉಚಿತವಾಗಿ ಹಂಚುವ ಉತ್ಸಾಹಿಗಳೂ ಇದ್ದಾರೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು. ನಿಮಗೆ ಬೇಕಾದದ್ದು ಬಾಲ್ಯದ ಒಂದೇ ಯಂತ್ರವಾದರೆ ಅದಕ್ಕೆಂದೇ ಬರೆದ ಎಮ್ಯುಲೇಟರನ್ನು ಆರಿಸಿರಿ. ಅದರಲ್ಲಿ ಕಲಿಯುವುದು ಕಡಿಮೆ, ನೆಮ್ಮದಿ ಹೆಚ್ಚು. ನಾಲ್ಕೈದು ಯಂತ್ರಗಳ ಆಟಗಳು ಬೇಕೆನಿಸಿ, ಟೀವಿಯ ಮುಂದೆ ಮನೆಮಂದಿಯೆಲ್ಲ ಕೂರುವಂತಾದಾಗ ರೆಟ್ರೋಆರ್ಚಿಗೆ ಹೋಗಿರಿ. ಆಗಲೂ ಒಳಗಿರುವ ಕೋರು ಯಾರದೆಂದು ಒಮ್ಮೆ ನೋಡಿರಿ. ಫಲಕವನ್ನು ಹೊಗಳಿ ಹೊರಡುವ ಗಿರಾಕಿಗಳ ನಡುವೆ, ಒಳಗೆ ಬೆಂಕಿಯ ಮುಂದೆ ನಿಂತವನ ಹೆಸರನ್ನು ಕೇಳುವ ಗಿರಾಕಿ ಎಷ್ಟು ಅಪರೂಪವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ನನ್ನ ಮಿತ್ರರು ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಫ್ಯಾಮಿಕಾಮಿನ ಒಂದು ಎಮ್ಯುಲೇಟರನ್ನು ಹಾಕಿಸಿ, ತಮ್ಮ ಬಳಿ ಇದ್ದ ಕ್ಯಾಸೆಟ್ಟಿನ ಒಂದೇ ಒಂದು ಆಟವನ್ನು ಅದರಲ್ಲಿ ಇರಿಸಿಕೊಂಡಿದ್ದಾರೆ. ಕಳೆದ ಸೋಮವಾರದ ರಜೆಯಲ್ಲಿ ತಂದೆಯ ಆಳುಗಳು ಸತ್ತ ಮೇಲೂ ಮಗನ ಆಳು ಓಡುತ್ತಲೇ ಇದ್ದನಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷವು ಆ ಹತ್ತು ಸಾವಿರ ಆಟಗಳ ಪೆಟ್ಟಿಗೆ ತಂದ ದಿನವೂ ಇರಲಿಲ್ಲ.