ಮಗ ಮರಳಿ ಬಂದ ಮೇಲೆ: ಪೊಲೀಸ್ ಮಹಾನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ಪೊಲೀಸ್ ಮಹಾನಿರ್ದೇಶಕರಿಗೆ,

ನಾನು ತೆಂಗಿನ ಸೀಮೆಯ ಒಂದು ಸಣ್ಣ ಪಟ್ಟಣದವಳು. ಎರಡು ವರ್ಷದ ಹಿಂದೆ, ಕಾಲೇಜಿಗೆಂದು ಹೋದ ನನ್ನ 16 ವರ್ಷದ ಮಗ ಸಂಜೆ ಮನೆಗೆ ಬರಲಿಲ್ಲ. ಮೊದಲ ಪಿಯುಸಿ, ಸೈನ್ಸ್. ಮಂಚದ ಕೆಳಗೆ ಬಗ್ಗಿ ನೋಡಿದರೆ ಪುಸ್ತಕಗಳೆಲ್ಲ ಅಲ್ಲೇ ಇದ್ದವು. ಬ್ಯಾಗಿನ ತುಂಬ ಬಟ್ಟೆ ತುರುಕಿಕೊಂಡು ಹೋಗಿದ್ದ. ಫೋನು ಟಿವಿ ಪಕ್ಕದಲ್ಲಿತ್ತು. ಹಿಂದಿನ ರಾತ್ರಿ ಅವನಪ್ಪ ಅದೇ ಫೋನು ಕಿತ್ತುಕೊಂಡು, ಟೆಸ್ಟಿನ ಮಾರ್ಕ್ಸ್ ಮುಂದೆ ಹಿಡಿದು, “ಈ ಮನೇಲಿರಬೇಕಂದ್ರೆ ಓದು, ಇಲ್ಲಾಂದ್ರೆ ನಡಿ” ಅಂದಿದ್ದರು. ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು. ಸುಮ್ಮನಿದ್ದೆ.

ರಾತ್ರಿ ಎಂಟಕ್ಕೆ ಠಾಣೆಗೆ ಹೋದೆವು. “ಫ್ರೆಂಡ್ ಮನೇಲಿರ್ತಾನೆ ಕಣಮ್ಮ. 24 ಗಂಟೆ ಆಗ್ಲಿ, ಆಮೇಲೆ ಬರ್ಕೊಳ್ಳೋಣ” ಅಂದರು. ಪರಿಚಯದ ವಕೀಲರೊಬ್ಬರು ಜೊತೆಗೆ ಬಂದ ಮೇಲೆ, ಮಾರನೇ ದಿನ ಮಧ್ಯಾಹ್ನ, ದೂರು ದಾಖಲಾಯಿತು. ಕಾಣೆಯಾದ ಮಗುವಿನ ಪ್ರತಿ ದೂರನ್ನೂ ಎಫ್‌ಐಆರ್ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಆದೇಶಿಸಿದೆ ಎಂದು ಆ ವಕೀಲರಿಂದಲೇ ನನಗೆ ತಿಳಿದದ್ದು. ಕಾನೂನಿನಲ್ಲಿ 24 ಗಂಟೆಯ ಮಾತು ಇದೆ, ನಿಜ. ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, ಅಷ್ಟರೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಆ ಗಡುವನ್ನು ತಿರುಗಿಸಿ ಹೆತ್ತವರ ತಲೆಗೆ ಕಟ್ಟಿದವರು ಯಾರೋ!

ದೂರಿನಷ್ಟೇ ದೊಡ್ಡ ಇನ್ನೊಂದು ವಿಷಯವಿದೆ. ಆ ರಾತ್ರಿ ಠಾಣೆಯ ಬೆಂಚಿನ ಮೇಲೆ ಕೂತಿದ್ದ ನಮಗೆ, ಮನೆಗೆ ಹೋಗಿ ಏನು ಮಾಡಬೇಕು ಎಂದು ಹೇಳುವವರಿರಲಿಲ್ಲ. ತೋಚಿದ್ದು ಮಾಡಿದೆವು. ನಮ್ಮೆಜಮಾನರು ಅವನ ಗೆಳೆಯರ ಮನೆಬಾಗಿಲಲ್ಲಿ ಕೂಗಾಡಿದರು. ಎಲ್ಲವೂ ಗೊತ್ತಿದ್ದ ಹುಡುಗನೊಬ್ಬ ಹೆದರಿ ಬಾಯಿ ಹೊಲಿದುಕೊಂಡ. ಮೈದುನ ಮಗನ ಫೋಟೋ, ಮನೆಯ ವಿಳಾಸ, ನಮ್ಮಿಬ್ಬರ ನಂಬರ್ ಎಲ್ಲವನ್ನೂ ವಾಟ್ಸಾಪಿಗೆ ಹಾಕಿದ. “ನಿಮ್ಮ ಹುಡುಗ ನಮ್ಮ ಹತ್ರ ಇದಾನೆ, ಹತ್ತು ಸಾವಿರ ಹಾಕಿ” ಎಂಬ ಕರೆಗಳು ಶುರುವಾದವು. ಶಾಸ್ತ್ರದವರು ಉತ್ತರ ದಿಕ್ಕಿನಲ್ಲಿ, ನೀರಿನ ಹತ್ತಿರ ಇದ್ದಾನೆ ಅಂದರು. ಅವನಿದ್ದದ್ದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ. ಆ ಫೋಟೋ ಮಾತ್ರ ಇಂದಿಗೂ ಗುಂಪಿನಿಂದ ಗುಂಪಿಗೆ ಹರಿಯುತ್ತಿದೆ. ಹೋದ ಜಾತ್ರೆಯಲ್ಲಿ ಯಾರೋ, “ಕಳೆದೋಗಿದ್ದ ಹುಡುಗ ನೀನೇ ಅಲ್ವಾ?” ಎಂದು ಅವನನ್ನೇ ಕೇಳಿದರು.

ಮೂರನೇ ದಿನ ಅವನು ಫೋನ್ ಮಾಡಿದ್ದು ನಮಗಲ್ಲ, ಅವನ ಅತ್ತೆಗೆ. ಹೋಟೆಲಿನ ಗಲ್ಲಾದವರ ಫೋನಿನಿಂದ. ನನ್ನ ನಾದಿನಿ ಎಲ್ಲಿದ್ದೀಯ ಎಂದೂ ಮೊದಲು ಕೇಳಲಿಲ್ಲವಂತೆ. “ಊಟ ಆಯ್ತೇನೋ?” ಅಂದಳಂತೆ. ಆ ಕಡೆಯಿಂದ ಬರೀ ಅಳು. “ಅಲ್ಲೇ ಇರು, ನಾನೊಬ್ಳೇ ಬರ್ತೀನಿ” ಎಂದು ಬಸ್ಸು ಹತ್ತಿದಳು.

ಮಾರನೇ ದಿನ ಠಾಣೆಯಲ್ಲಿ ಮೂವರು ಪೊಲೀಸರ ಮುಂದೆ ಅವನನ್ನು ನಿಲ್ಲಿಸಿ, “ಅಪ್ಪ ಅಮ್ಮನ ಕಾಲಿಗೆ ಬೀಳು, ತಪ್ಪಾಯ್ತು ಅನ್ನು” ಅಂದರು. ಬಿದ್ದ, ಅಂದ. ಮುಚ್ಚಳಿಕೆ ಬರೆಸಿಕೊಂಡರು. ವಕೀಲರು ಸಮಿತಿಯ ಹೆಸರೆತ್ತಿದರೆ, “ಮಗ ಸಿಕ್ಕನಲ್ಲ, ಯಾಕೆ ಸುಮ್ನೆ ಅಲೀತೀರಿ” ಅಂದರು. ಅವರು ಒಳ್ಳೆಯದಾಗಲೆಂದೇ ಹಾಗೆ ಮಾಡಿದರು. ನಮಗೂ ಆಗ ಸಮಾಧಾನವೇ ಆಯಿತು, ಮುಚ್ಚಿಡುವುದೇಕೆ? ಮನೆಗೆ ಬಂದ ಮಗ ಆರು ವಾರ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಪ್ರತಿ ರಾತ್ರಿ ಎದ್ದು ಅವನ ಚಪ್ಪಲಿ ಬಾಗಿಲ ಬಳಿ ಇದೆಯೇ ಎಂದು ನೋಡುತ್ತಿದ್ದೆ.

ಅದಕ್ಕೇ ನನ್ನ ಮೂರು ಬೇಡಿಕೆ.

ಒಂದು, ದೂರು ಬರೆದುಕೊಂಡ ಕೂಡಲೇ ಹೆತ್ತವರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಅದರಲ್ಲಿ ಹೀಗಿರಲಿ: ಇತ್ತೀಚಿನ ಫೋಟೋ ಕೊಡಿ, ತೊಟ್ಟ ಬಟ್ಟೆ, ಕಾಣೆಯಾದ ಸಾಮಾನು ಬರೆಸಿ. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಫೋಟೋ ಹಂಚುವುದಾದರೆ ಠಾಣೆಯ ನಂಬರ್ ಮಾತ್ರ ಹಾಕಿ, ಸಿಕ್ಕ ದಿನವೇ ಸಿಕ್ಕನೆಂದೂ ಹಂಚಿ. ಗೆಳೆಯರನ್ನು ಗದರಿಸಬೇಡಿ. ಮನೆಯಲ್ಲಿ ಯಾರಾದರೊಬ್ಬರು ಸದಾ ಇರಿ. ಮಗು ಬೈಗುಳದ ಭಯವಿಲ್ಲದೆ ಮಾತಾಡಬಲ್ಲ ಅತ್ತೆಯೋ ಮಾವನೋ ಯಾರೆಂದು ಯೋಚಿಸಿ, ಅವರ ಫೋನು ಬಿಡುವಾಗಿರಲಿ. ಮಗು ಬಂದಾಗ ಮೊದಲು ಊಟ, ನಿದ್ದೆ, ಗಾಯವಿದ್ದರೆ ಡಾಕ್ಟರು. ಯಾಕೆ ಹೋದೆ ಎಂಬ ಪ್ರಶ್ನೆ ಆ ರಾತ್ರಿಗೆ ಬೇಡ. ಬಂದು ಹೋಗುವ ನೆಂಟರ ಮುಂದೆ ಆ ಕಥೆ ಹೇಳಬೇಡಿ. ನಿಮಗೇ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಇಷ್ಟಕ್ಕೆ ಒಂದು ಹಾಳೆ ಸಾಕು.

ಎರಡು, ಕಾಲಿಗೆ ಬೀಳಿಸುವುದನ್ನು ನಿಲ್ಲಿಸಿ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವರು ಸಾದಾ ಬಟ್ಟೆಯಲ್ಲಿ, ನಮ್ಮನ್ನು ಹೊರಗೆ ಕೂರಿಸಿ, ಮಗುವಿನ ಮಾತು ಕೇಳಲಿ. ನಮ್ಮ ಮನೆಯಲ್ಲಿ ಇದ್ದದ್ದು ಮಾರ್ಕ್ಸಿನ ಜಗಳ. ಇನ್ನೊಂದು ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪ ಇರಬಹುದು. ಬಾಯಿಬಿಟ್ಟು ಹೇಳಲಾಗದ್ದನ್ನು ಮಾಡಿದ ನೆಂಟ ಇರಬಹುದು. ಅಂಥ ಮನೆಗೆ ಮುಚ್ಚಳಿಕೆ ಬರೆಸಿ ಕಳಿಸಬಾರದೆಂದೇ ಸಮಿತಿ ಇರುವುದು. ಹೆಣ್ಣುಮಕ್ಕಳದ್ದಂತೂ ಇನ್ನೂ ಕಷ್ಟ. ಗಂಡು ಮಗ “ಮನೆ ಬಿಟ್ಟು ಹೋದ”, ಮಗಳಾದರೆ “ಓಡಿ ಹೋದಳು”. ಆ ಒಂದು ಮಾತಿಗೆ ಹೆದರಿ ದೂರೇ ಕೊಡದವರಿದ್ದಾರೆ. ಸಿಕ್ಕ ಮಗಳನ್ನು ಕಾಲೇಜು ಬಿಡಿಸಿ, ಹದಿನೆಂಟು ತುಂಬುವ ಮೊದಲೇ ಗಂಡು ಹುಡುಕುವವರಿದ್ದಾರೆ. ಬಾಲ್ಯವಿವಾಹ ಅಪರಾಧ ಎಂಬುದೂ ನಿಮ್ಮ ಹಾಳೆಯಲ್ಲಿ ಒಂದು ಸಾಲಾಗಿ ಇರಲಿ. ಠಾಣೆಯಲ್ಲಿ ಆ “ಓಡಿ ಹೋದಳು” ಎಂಬ ಮಾತು ಕೇಳಿಸದಿರಲಿ.

ಮೂರು, ಮಗು ಸಿಕ್ಕಿತೆಂದು ಫೈಲು ಮುಚ್ಚಿದ ಮೇಲೆ ವಾರಕ್ಕೋ ತಿಂಗಳಿಗೋ ಒಮ್ಮೆ ಒಂದು ಫೋನ್ ಮಾಡಿಸಿ. ನಮಗಲ್ಲ, ಮಗುವಿಗೆ. ಒಮ್ಮೆ ದಾರಿ ಕಂಡ ಕಾಲಿಗೆ ಇನ್ನೊಮ್ಮೆ ಹೋಗುವುದು ಕಷ್ಟವಲ್ಲ. ನಮ್ಮ ಮನೆಯಲ್ಲಿ ಅವನು ಮತ್ತೆ ಮಾತಾಡಿದ್ದು ಬುದ್ಧಿಮಾತಿನಿಂದಲ್ಲ. ಒಂದು ಸಂಜೆ ಅವನಪ್ಪ ಆ ಫೋನನ್ನು ತಂದು ಅವನ ಮುಂದಿಟ್ಟು, “ನಡಿ ಅಂದಿದ್ದು ನಂದೇ ತಪ್ಪು ಕಣೋ” ಅಂದರು. ಸೈನ್ಸ್ ಬಿಟ್ಟು ಕಾಮರ್ಸ್ ಸೇರಿದ. ಒಂದು ವರ್ಷ ಹೋಯಿತು; ಹೋಗಲಿ.

ಈ ಪತ್ರವನ್ನು ಮೊದಲು ಓದಿದವನು ಅವನೇ. ಓದಿಸದೆ ಕಳಿಸುವ ಹಕ್ಕು ನನಗಿರಲಿಲ್ಲ. ಎರಡು ಕಡೆ ಕಾಟು ಹೊಡೆದ. ಆಮೇಲೆ ಅಂದ: “ಯಾಕೆ ಹೋದೆ ಅಂತ ಎಲ್ರೂ ಕೇಳಿದ್ರಮ್ಮ. ಯಾಕೆ ವಾಪಸ್ ಬಂದೆ ಅಂತ ಒಬ್ರೂ ಕೇಳ್ಲಿಲ್ಲ.”

ಸ್ವಾಮಿ, ನಿಮ್ಮ ಹಾಳೆಯ ಕೊನೆಯಲ್ಲಿ ಸ್ವಲ್ಪ ಜಾಗವಿದ್ದರೆ ಈ ಪ್ರಶ್ನೆಯನ್ನೂ ಸೇರಿಸಿ. ನಾನಂತೂ ಅಂದು ರಾತ್ರಿಯೇ ಕೇಳಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ